ಅಜ್ಜಿಗೆ ಪದೇ ಪದೇ ನೆತ್ತಿಗೆ ಹತ್ತುತ್ತಿದೆ: ಆರೈಕೆ ಕೇಂದ್ರದ ಸ್ಪೀಚ್ ಥೆರಪಿಸ್ಟ್‌ಗೆ ತುಮಕೂರಿನವರು ಕೇಳುವ ಪ್ರಶ್ನೆಗಳು

ನಾನು ತುಮಕೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ಆಸ್ಪತ್ರೆಯಿಂದ ಬಿಡುಗಡೆ ಆಗಿ, ಇನ್ನೂ ಮನೆಗೆ ಹೋಗುವ ಸ್ಥಿತಿ ಇಲ್ಲದ ಹಿರಿಯರು ಇರುವ ಆರೈಕೆ ಕೇಂದ್ರಗಳಲ್ಲಿ ಕೆಲಸ ಮಾಡುತ್ತೇನೆ. ಗುಬ್ಬಿ, ಶಿರಾ, ಕೊರಟಗೆರೆ ಕಡೆ ಮನೆಗಳಿಗೂ ಹೋಗುತ್ತೇನೆ. ಮನೆಯವರು ವರಾಂಡದಲ್ಲಿ ನಿಲ್ಲಿಸಿಕೊಂಡು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ನಿಂತ ನಿಲುವಿನಲ್ಲಿ ಎಲ್ಲವನ್ನೂ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಸ್ಪೀಚ್ ಥೆರಪಿಸ್ಟ್ ಅಂದ್ರೆ ಮಕ್ಕಳಿಗೆ ಮಾತು ಕಲಿಸೋರು ಅಲ್ವಾ? ನಮ್ಮ ತಂದೆಗೆ 72 ವರ್ಷ. ಅವರಿಗ್ಯಾಕೆ?

ಮಕ್ಕಳಿಗೂ ಕಲಿಸುತ್ತೇವೆ. ಆದರೆ ಹಿರಿಯರ ಆರೈಕೆ ಕೇಂದ್ರದಲ್ಲಿ ನಮ್ಮ ಕೆಲಸ ಬೇರೆ. ಲಕ್ವ ಹೊಡೆದು ಮಾತು ಹೋದವರು, ಮಾತು ತೊದಲುವವರು, ಪಾರ್ಕಿನ್ಸನ್‌ನಿಂದ ದನಿ ಇಳಿದವರು, ಮರೆವಿನ ಕಾಯಿಲೆಯವರು, ತಲೆಗೆ ಪೆಟ್ಟಾದವರು, ಉಸಿರಾಡಲು ಗಂಟಲಿಗೆ ಟ್ಯೂಬ್ ಹಾಕಿಸಿಕೊಂಡವರು, ಇವರೆಲ್ಲ ನಮ್ಮ ಹತ್ತಿರ ಬರುತ್ತಾರೆ. ಮಾತಿನಷ್ಟೇ ಹೊತ್ತನ್ನು ನಾವು ನುಂಗುವ ತೊಂದರೆಗೂ ಕೊಡುತ್ತೇವೆ. ಎಷ್ಟೋ ದಿನ ಅದೇ ಜಾಸ್ತಿ. ಇದನ್ನು ಕೇಳಿ ಬಹಳ ಜನ ಅಚ್ಚರಿಪಡುತ್ತಾರೆ. "ಊಟದ ಹೊತ್ತಿಗೆ ಯಾಕೆ ಬಂದ್ರಿ ಮೇಡಂ, ಆಮೇಲೆ ಬನ್ನಿ" ಅಂತ ವಾಪಸ್ ಕಳಿಸಿದವರೂ ಇದ್ದಾರೆ. ನಾನು ಬೇಕೆಂದೇ ಊಟದ ಹೊತ್ತಿಗೆ ಬರುತ್ತೇನೆ.

ಆರೈಕೆ ಕೇಂದ್ರ ಅಂದ್ರೆ ನರ್ಸಿಂಗ್ ಹೋಮಾ?

ಈ ಹೆಸರು ಗೊಂದಲ ಮಾಡುತ್ತದೆ. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಚಿಕ್ಕ ಖಾಸಗಿ ಆಸ್ಪತ್ರೆ. ಹೆರಿಗೆಗೆ, ಆಪರೇಷನ್‌ಗೆ ಅಲ್ಲಿಗೆ ಹೋಗುತ್ತೇವೆ. ಅಮೆರಿಕದಲ್ಲಿ ಅದೇ ಹೆಸರು ವಯಸ್ಸಾದವರು ಉಳಿದುಕೊಳ್ಳುವ ಜಾಗಕ್ಕೆ ಇದೆ. ಅಲ್ಲಿ 'ಸ್ಕಿಲ್ಡ್ ನರ್ಸಿಂಗ್ ಫೆಸಿಲಿಟಿ' ಅನ್ನುವುದೂ ಒಂದಿದೆ. ಆಸ್ಪತ್ರೆಯಿಂದ ಬಂದವರಿಗೆ ದಿನವಿಡೀ ನರ್ಸ್‌ಗಳು, ಜೊತೆಗೆ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ಸ್ಪೀಚ್ ಥೆರಪಿ ಅಲ್ಲೇ ಸಿಗುತ್ತವೆ. ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್, ನಿಯಮಕ್ಕೆ ಒಳಪಟ್ಟರೆ, ಒಂದು ಸಲಕ್ಕೆ 100 ದಿನದವರೆಗೆ ನೆರವಾಗುತ್ತದೆ. ಮೊದಲ 20 ದಿನ ಪೂರ್ತಿ, ಆಮೇಲೆ ರೋಗಿಯದೂ ಒಂದು ಪಾಲು.

ನಮ್ಮ ಕಡೆ ಅಂಥ ಅಚ್ಚುಕಟ್ಟು ವ್ಯವಸ್ಥೆ ಇಲ್ಲ. ರಿಹ್ಯಾಬ್ ಸೆಂಟರ್, ವೃದ್ಧಾಶ್ರಮದ ಒಂದು ಭಾಗ, ಇಲ್ಲವೇ ಮನೆಯಲ್ಲೇ ಹೋಮ್ ನರ್ಸ್. ಈ ಮೂರೂ ಸೇರಿ ಆ ಕೆಲಸ ನಡೆಯುತ್ತಿದೆ. ಬಹಳ ಕಡೆ ಫಿಸಿಯೋಥೆರಪಿಸ್ಟ್ ಇರುತ್ತಾರೆ, ಸ್ಪೀಚ್ ಥೆರಪಿಸ್ಟ್ ಇರುವುದಿಲ್ಲ. ಕೈಕಾಲು ಬಿದ್ದಿರುವುದು ಕಣ್ಣಿಗೆ ಕಾಣುತ್ತದೆ. ಗಂಟಲು ಬಿದ್ದಿರುವುದು ಕಾಣುವುದಿಲ್ಲ.

ನುಂಗೋದಕ್ಕೂ ಮಾತಿಗೂ ಏನು ಸಂಬಂಧ?

ಎರಡಕ್ಕೂ ಅದೇ ತುಟಿ, ಅದೇ ನಾಲಿಗೆ, ಅದೇ ಅಂಗುಳ, ಅದೇ ಗಂಟಲು. ಒಂದು ಗುಟುಕು ನುಂಗಲು 25ಕ್ಕೂ ಜಾಸ್ತಿ ಸ್ನಾಯುಗಳು ಒಂದರ ಹಿಂದೆ ಒಂದು ಕೆಲಸ ಮಾಡಬೇಕು. ಗಂಟಲಲ್ಲಿ ಗಾಳಿಯ ದಾರಿ ಮುಂದೆ, ಅನ್ನದ ದಾರಿ ಹಿಂದೆ. ನುಂಗುವ ಕ್ಷಣದಲ್ಲಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು ಒಂದು ಗಳಿಗೆ ನಿಲ್ಲುತ್ತದೆ. ಲಕ್ವ ಹೊಡೆದ ಅನೇಕರಲ್ಲಿ ಈ ಮುಚ್ಚುವ ಕೆಲಸ ತಡವಾಗುತ್ತದೆ ಅಥವಾ ಪೂರ್ತಿ ಆಗುವುದಿಲ್ಲ. ಆಗ ಸಾರು, ನೀರು, ಎಂಜಲು ಶ್ವಾಸಕೋಶದ ಕಡೆ ಜಾರುತ್ತದೆ.

ನೆತ್ತಿಗೆ ಹತ್ತೋದು ಎಲ್ಲರಿಗೂ ಆಗುತ್ತೆ. ಅದಕ್ಕೆಲ್ಲ ಗಾಬರಿ ಆಗಬೇಕಾ?

ಅಪರೂಪಕ್ಕೆ ಆದರೆ ಬೇಡ. ನೆತ್ತಿ ತಟ್ಟಿ, "ಯಾರೋ ನೆನೆಸ್ಕೊಳ್ತಿದ್ದಾರೆ" ಅಂತ ಹೇಳಿ ಮುಂದೆ ಊಟ ಮಾಡುತ್ತೇವೆ. ಆದರೆ ಲಕ್ವ, ಪಾರ್ಕಿನ್ಸನ್ ಅಥವಾ ಮರೆವಿನ ಕಾಯಿಲೆ ಇರುವವರಿಗೆ ದಿನಾ ನೆತ್ತಿಗೆ ಹತ್ತುತ್ತಿದ್ದರೆ, ಯಾರೂ ನೆನೆಸಿಕೊಳ್ಳುತ್ತಿಲ್ಲ. ಗಂಟಲು ಸಹಾಯ ಕೇಳುತ್ತಿದೆ.

ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲು ಮನೆಯಲ್ಲಿ ನೋಡಿದ್ದೆ. ನಮ್ಮ ಅಜ್ಜಿಗೆ ಲಕ್ವ ಆಗಿತ್ತು. ಸಾರು ಕುಡಿದಾಗಲೆಲ್ಲ ಕೆಮ್ಮು. ತಿಂಗಳಿಗೊಮ್ಮೆ ಜ್ವರ. ಪ್ರತಿ ಸಲವೂ "ಕಫ ಕಟ್ಟಿದೆ" ಅಂತ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಅಜ್ಜಿ ಹೇಗೆ ನುಂಗುತ್ತಿದ್ದಾರೆ ಅಂತ ಒಬ್ಬರೂ ಕೂತು ನೋಡಲಿಲ್ಲ. ನಾವೂ ಕೇಳಲಿಲ್ಲ. ನಮಗೆ ಗೊತ್ತಿರಲಿಲ್ಲ. ನಾಲ್ಕನೇ ಜ್ವರ ನ್ಯುಮೋನಿಯಾ ಆಯಿತು. ಅಜ್ಜಿ ಮನೆಗೆ ವಾಪಸ್ ಬರಲಿಲ್ಲ.

ಹಾಗಾಗಿ ಈ ಲಕ್ಷಣಗಳನ್ನು ಗಮನಿಸಿ ಅಂತ ಕೈ ಮುಗಿದು ಕೇಳುತ್ತೇನೆ. ಕುಡಿದ ಮೇಲೆ ಕೆಮ್ಮು. ಊಟ ಆದ ಮೇಲೆ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ದನಿ. ಬಲಹೀನವಾದ ಕಡೆಯ ಕೆನ್ನೆಯಲ್ಲಿ ಅನ್ನ ಉಳಿಯುವುದು. ಮೂಗಿನಿಂದ ನೀರು ಬರುವುದು. ಒಂದು ಊಟಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುವುದು. ತೂಕ ಇಳಿಯುವುದು. ಕಾರಣ ಗೊತ್ತಾಗದೆ ಮತ್ತೆ ಮತ್ತೆ ಬರುವ ಜ್ವರ.

ಗಂಟಲಿಗೆ ಸಿಕ್ಕಿಕೊಂಡು ಉಸಿರೇ ನಿಂತ ಹಾಗಾದರೆ?

ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಆಗದೆ, ದನಿಯೂ ಬರದೆ, ಮುಖ ಕಪ್ಪಿಡುತ್ತಿದ್ದರೆ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯಿಂದ ಐದು ಸಲ ಜೋರಾಗಿ ಬಡಿಯಿರಿ. ಬಿಡದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೆ, ಮೇಲಕ್ಕೆ ಐದು ಸಲ ಒತ್ತಬೇಕು. ಒಬ್ಬರು 108ಕ್ಕೆ ಫೋನ್ ಮಾಡಲಿ. ನೀರು ಕುಡಿಸಬೇಡಿ. ನೆತ್ತಿ ತಟ್ಟುತ್ತಾ ಹೊತ್ತು ಕಳೆಯಬೇಡಿ. ಕೇಂದ್ರದ ಎಲ್ಲ ಆಯಾಗಳಿಗೂ ಇದನ್ನು ಮಾಡಿ ತೋರಿಸಿ ಕಲಿಸುವುದು ನನ್ನ ಕೆಲಸದ ಭಾಗ.

ನಮ್ಮಮ್ಮ ಕೆಮ್ಮೋದೇ ಇಲ್ಲ. ಹಾಗಾದ್ರೆ ನುಂಗೋದು ಸರಿ ಇದೆ ಅಂತ ತಾನೇ?

ಹಾಗೆ ಹೇಳಲು ಬರುವುದಿಲ್ಲ. ಕೆಲವರಲ್ಲಿ ಗಂಟಲಿನ ಸ್ಪರ್ಶವೇ ಸತ್ತಿರುತ್ತದೆ. ಆಹಾರ ತಪ್ಪು ದಾರಿಗೆ ಹೋದರೂ ಕೆಮ್ಮು ಬರುವುದಿಲ್ಲ. ನನಗೆ ಹೆಚ್ಚು ಭಯ ಇರುವುದು ಇಂಥವರ ಬಗ್ಗೆಯೇ. ಹೊರಗಿನಿಂದ ನೋಡಿ ಖಚಿತವಾಗಿ ಹೇಳಲು ನನಗೂ ಆಗುವುದಿಲ್ಲ. ಅನುಮಾನ ಬಂದರೆ ಎರಡು ಪರೀಕ್ಷೆಗಳಿವೆ. ಒಂದು, ಬೇರಿಯಂ ಬೆರೆಸಿದ ಆಹಾರ ಕೊಟ್ಟು, ಅದು ಇಳಿಯುವುದನ್ನು ಎಕ್ಸ್‌ರೇ ವಿಡಿಯೋದಲ್ಲಿ ನೋಡುವುದು. ಇನ್ನೊಂದು, ಮೂಗಿನಿಂದ ತೆಳ್ಳಗಿನ ಕ್ಯಾಮೆರಾ ಇಳಿಸಿ ಗಂಟಲನ್ನು ನೋಡುವುದು. ಇವು ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತವೆ. ನಮ್ಮ ಕಡೆಯವರನ್ನು ಸಾಮಾನ್ಯವಾಗಿ ಬೆಂಗಳೂರಿಗೆ ಕಳಿಸುತ್ತೇವೆ. 70 ಕಿಲೋಮೀಟರ್ ಪ್ರಯಾಣ ರೋಗಿಗೆ ಸುಲಭ ಅಲ್ಲ, ಗೊತ್ತು. ಹಾಗಾಗಿ ಎಲ್ಲರಿಗೂ ಹೇಳುವುದಿಲ್ಲ. ಪರೀಕ್ಷೆಯ ಫಲದಿಂದ ಊಟದ ರೀತಿ ಬದಲಾಗುವ ಹಾಗಿದ್ದರೆ ಮಾತ್ರ ಹೇಳುತ್ತೇನೆ.

ಮೊದಲ ದಿನ ನೀವು ಬಂದು ಏನು ನೋಡ್ತೀರಿ?

ಮೊದಲು ಡಿಸ್ಚಾರ್ಜ್ ಚೀಟಿ ಓದುತ್ತೇನೆ. ಆಮೇಲೆ ಸುಮ್ನೆ ಪಕ್ಕದಲ್ಲಿ ಕೂರುತ್ತೇನೆ. ಎಚ್ಚರ ಎಷ್ಟಿದೆ, ಕೂರಲು ಆಗುತ್ತದಾ, ಹೆಸರು ಕರೆದರೆ ತಿರುಗುತ್ತಾರಾ. ತುಟಿ, ನಾಲಿಗೆ, ಹಲ್ಲು, ಹಲ್ಲಿನ ಸೆಟ್ಟು. ಕೆಮ್ಮಿನ ಬಲ. ಬಾಯಿ ಸ್ವಚ್ಛ ಮಾಡಿ, ಒಂದು ಚಮಚ ನೀರಿನಿಂದ ಶುರು ಮಾಡಿ, ಗಂಟಲ ಮೇಲೆ ಬೆರಳಿಟ್ಟು ನುಂಗುವುದನ್ನು ನೋಡುತ್ತೇನೆ. ಕಿವಿ ಕೇಳಿಸುತ್ತದಾ ಅಂತಲೂ ನೋಡಲೇಬೇಕು. ಎಷ್ಟೋ ಹಿರಿಯರಿಗೆ "ಅರ್ಥ ಆಗಲ್ಲ" ಅಂತ ಬರೆದಿರುತ್ತಾರೆ. ಕಿವಿಯ ಗುಗ್ಗೆ ತೆಗೆಸಿದರೆ, ಮನೆಯಲ್ಲಿ ಬಿಟ್ಟು ಬಂದ ಕಿವಿ ಮಿಷನ್ ತರಿಸಿದರೆ ಅರ್ಥ ಆಗುತ್ತದೆ.

ಮನೆಯವರನ್ನು ನಾನು ಕೇಳುವುದು ಬೇರೆ. ಅವರು ಏನು ಕೆಲಸ ಮಾಡುತ್ತಿದ್ದರು? ಯಾರ ಜೊತೆ ಮಾತು ಜಾಸ್ತಿ? ಬೆಳಗ್ಗೆ ಕಾಫಿಯಾ, ಟೀನಾ? ತೋಟ ಇತ್ತಾ? ಥೆರಪಿ ನಡೆಯುವುದೇ ಈ ಉತ್ತರಗಳ ಮೇಲೆ.

ಮುದ್ದೆ ಕೊಡಬಹುದಾ?

ತುಮಕೂರಿನಲ್ಲಿ ಇದು ಮೊದಲ ಪ್ರಶ್ನೆ. ಆದದ್ದೂ ಸರಿಯೇ. ಮುದ್ದೆ ಇಲ್ಲದ ಊಟ ಊಟವೇ ಅಲ್ಲ ಅನ್ನುವವರ ಮನೆಯಲ್ಲಿ ಬೆಳೆದವಳು ನಾನು.

ಯೋಚಿಸಿ ನೋಡಿ. ಮುದ್ದೆಯನ್ನು ನಾವು ಅಗಿಯುವುದಿಲ್ಲ. ಮುರಿದು, ಸಾರಲ್ಲಿ ಅದ್ದಿ, ಇಡಿಯಾಗಿ ನುಂಗುತ್ತೇವೆ. ಹಲ್ಲಿಲ್ಲದ ಹಿರಿಯರಿಗೆ ಇದೇ ಅನುಕೂಲ. ಆದರೆ ಗಂಟಲು ಬಲಹೀನ ಆದವರಿಗೆ ಇದೇ ಅಪಾಯ. ದೊಡ್ಡ ತುತ್ತು, ಅಂಟುವ ಗುಣ, ಮೇಲೆ ತೆಳ್ಳಗಿನ ಸಾರು. ಸಾರು ಮೊದಲೇ ಗಂಟಲಿಗೆ ಓಡುತ್ತದೆ, ಮುದ್ದೆ ಹಿಂದೆ ನಿಲ್ಲುತ್ತದೆ. ಒಂದೇ ತುತ್ತಿನಲ್ಲಿ ತೆಳ್ಳಗಿನದೂ ಗಟ್ಟಿಯದೂ ಸೇರಿದ್ದರೆ ನುಂಗುವುದು ಕಷ್ಟ. ಸಾರು ಅನ್ನ, ಹಾಲಿಗೆ ಅದ್ದಿದ ಬನ್ನು, ಕಾಳು ತೇಲುವ ಹುಳಿ, ಎಲ್ಲಕ್ಕೂ ಇದೇ ಮಾತು.

ಹಾಗಂತ ರಾಗಿಯನ್ನೇ ಬಿಡಬೇಕಿಲ್ಲ. ಗಂಟಿಲ್ಲದ ಗಟ್ಟಿ ಅಂಬಲಿ ಮಾಡಬಹುದು. ಬಸ್ಸಾರನ್ನು ನುಣ್ಣಗೆ ರುಬ್ಬಿ, ಸೋಸಿ, ಅದರಲ್ಲೇ ಮುದ್ದೆಯನ್ನು ಕಿವುಚಿ, ಚಮಚದಿಂದ ಜಾರಿ ಬೀಳುವ ಹದಕ್ಕೆ ತರಬಹುದು. ಅಂಟಂಟಾಗಿ ಉಳಿದರೆ ಇನ್ನಷ್ಟು ಸಾರು, ಸ್ವಲ್ಪ ತುಪ್ಪ. ರುಚಿ ಅದೇ ಇರುತ್ತದೆ. ಶಿರಾ ಕಡೆಯ ಒಬ್ಬ ತಾತ ಮೂರು ವಾರ ಗೋಧಿ ಗಂಜಿಯನ್ನು ಬಾಯಿಂದ ತಳ್ಳುತ್ತಿದ್ದರು. "ಹಠ ಮಾಡ್ತಾರೆ" ಅಂತ ಎಲ್ಲರೂ ಹೇಳುತ್ತಿದ್ದರು. ಸೊಸೆ ಮನೆಯಿಂದ ಹುರುಳಿ ಬಸ್ಸಾರು ತಂದು ಹೀಗೆ ಕಿವುಚಿ ಕೊಟ್ಟ ದಿನ ಬಟ್ಟಲು ಖಾಲಿ ಆಯಿತು.

ಇಡ್ಲಿ? ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮೆತ್ತಗಿರುತ್ತದೆ, ನಿಜ. ಆದರೆ ಒಣಗಿದ ಇಡ್ಲಿ ಬಾಯಲ್ಲಿ ಪುಡಿಪುಡಿ ಆಗಿ ಚದುರುತ್ತದೆ. ಗಟ್ಟಿ ಸಾಂಬಾರಿನಲ್ಲಿ ಚೆನ್ನಾಗಿ ಕಿವುಚಿ. ಒಗ್ಗರಣೆಯ ಸಾಸಿವೆ, ಕರಿಬೇವು ತೆಗೆದುಬಿಡಿ. ಚಿತ್ರಾನ್ನ, ಕಡ್ಲೆಪುರಿ, ಅವಲಕ್ಕಿ, ಚಕ್ಕುಲಿ ಸದ್ಯಕ್ಕೆ ಬೇಡ. ಎಲೆ ಅಡಿಕೆಯೂ ಬೇಡ. ಅಡಿಕೆ ಚೂರು ಕೆನ್ನೆಯಲ್ಲಿ ಉಳಿದು, ಮಲಗಿದಾಗ ಗಂಟಲಿಗೆ ಜಾರುತ್ತದೆ. ಕೊಡಬೇಡಿ ಅಂದರೂ ಸಂಬಂಧಿಕರು ದಿಂಬಿನ ಕೆಳಗೆ ಇಟ್ಟು ಹೋಗುತ್ತಾರೆ. ಪ್ರೀತಿಯಿಂದಲೇ ಇಡುತ್ತಾರೆ. ಆದರೂ ಬೇಡ.

ನೀರು ಗಟ್ಟಿ ಮಾಡಿ ಕೊಡಿ ಅಂದ್ರು. ನೀರನ್ನ ಗಟ್ಟಿ ಮಾಡೋದು ಹೇಗೆ?

ನೀರು ಬಾಯಲ್ಲಿ ನಿಲ್ಲುವುದಿಲ್ಲ. ಗಂಟಲು ಸಿದ್ಧವಾಗುವ ಮೊದಲೇ ಓಡುತ್ತದೆ. ಅದಕ್ಕೆ ಕೆಲವರಿಗೆ ಥಿಕ್ನರ್ ಪುಡಿ ಹಾಕಿ ಹದ ಮಾಡುತ್ತೇವೆ. ಇದಕ್ಕೆ ಲೋಕದ ಹಲವು ದೇಶಗಳು ಬಳಸುವ ಒಂದು ಅಳತೆ ಇದೆ. ಹೆಸರು ಇಡ್ಸಿ. 0ಯಿಂದ 7ರವರೆಗೆ ಎಂಟು ಮಟ್ಟ. 0 ಅಂದರೆ ಬರೀ ನೀರು, 7 ಅಂದರೆ ಮಾಮೂಲಿ ಊಟ. ಹದ ನೋಡಲು ಯಂತ್ರ ಬೇಕಿಲ್ಲ. 10 ಎಂಎಲ್ ಸಿರಿಂಜಿನ ತುದಿಗೆ ಬೆರಳಿಟ್ಟು 10ರ ಗೆರೆಯವರೆಗೆ ತುಂಬಿ, ಬೆರಳು ತೆಗೆದು 10 ಸೆಕೆಂಡ್ ಎಣಿಸಿ. ಎಷ್ಟು ಉಳಿಯಿತು ಅಂತ ನೋಡಿ. 1ರಿಂದ 4 ಎಂಎಲ್ ಉಳಿದರೆ ಮಟ್ಟ 1. 4ರಿಂದ 8 ಉಳಿದರೆ ಮಟ್ಟ 2. 8ಕ್ಕಿಂತ ಜಾಸ್ತಿ ಉಳಿದು, ಇನ್ನೂ ಹನಿಯುತ್ತಿದ್ದರೆ ಮಟ್ಟ 3. ಸಿರಿಂಜುಗಳಲ್ಲಿ ಉದ್ದ ವ್ಯತ್ಯಾಸ ಇರುತ್ತದೆ, ಹಾಗಾಗಿ ಯಾವುದು ಸರಿ ಅಂತ ಮೊದಲ ಸಲ ಥೆರಪಿಸ್ಟ್ ಹತ್ತಿರ ಕೇಳಿ.

ರಾಗಿ ಗಂಜಿ ಬಿಸಿ ಇದ್ದಾಗ ತೆಳ್ಳಗೆ, ಆರಿದ ಮೇಲೆ ಗಟ್ಟಿ. ಹಾಗಾಗಿ ಕೊಡುವ ಹೊತ್ತಿನ ಬಿಸಿಯಲ್ಲೇ ಹದ ನೋಡಿ. ಇನ್ನೊಂದು, ಎಂಜಲು ಚಮಚವನ್ನು ಪೂರ್ತಿ ಬಟ್ಟಲಿಗೆ ಮತ್ತೆ ಮತ್ತೆ ಅದ್ದಿದರೆ ಗಂಜಿ ನೀರಾಗುತ್ತದೆ. ಎಂಜಲು ಪಿಷ್ಟವನ್ನು ಕರಗಿಸುತ್ತದೆ. ಸ್ವಲ್ಪ ಸ್ವಲ್ಪ ಬೇರೆ ಬಟ್ಟಲಿಗೆ ಹಾಕಿಕೊಳ್ಳಿ.

ಗಟ್ಟಿ ನೀರು ಎಲ್ಲದಕ್ಕೂ ಮದ್ದು ಅಂತ ನಾನು ಹೇಳುವುದಿಲ್ಲ. ಅದು ಯಾರಿಗೂ ಇಷ್ಟ ಆಗುವುದಿಲ್ಲ. ಇಷ್ಟವಿಲ್ಲದ್ದನ್ನು ಕಮ್ಮಿ ಕುಡಿಯುತ್ತಾರೆ, ಮೈಯಲ್ಲಿ ನೀರು ಕಮ್ಮಿ ಆಗುತ್ತದೆ. ಬಾಯಿ ಚೆನ್ನಾಗಿ ಸ್ವಚ್ಛ ಮಾಡಿದ ಮೇಲೆ, ಊಟದ ಹೊತ್ತು ಬಿಟ್ಟು, ಬರೀ ನೀರನ್ನು ಗುಟುಕು ಗುಟುಕಾಗಿ ಕೊಡಬಹುದಾದ ರೋಗಿಗಳೂ ಇದ್ದಾರೆ. ಯಾರಿಗೆ ಅಂತ ನೋಡಿಯೇ ತೀರ್ಮಾನ ಮಾಡಬೇಕು. ಆರು ತಿಂಗಳ ಹಿಂದೆ ಬರೆದ "ಥಿಕ್ನರ್" ಅನ್ನುವ ಒಂದು ಪದವನ್ನು ಹಾಗೇ ಮುಂದುವರಿಸಬೇಡಿ. ಮತ್ತೆ ನೋಡಿ ಅಂತ ಕೇಳಿ.

ಊಟ ಮಾಡಿಸುವಾಗ ನಾವು ಏನು ತಪ್ಪು ಮಾಡ್ತಿದ್ದೇವೆ?

ಮಲಗಿಸಿ ತಿನ್ನಿಸುವುದು ಮೊದಲ ತಪ್ಪು. ನೆಟ್ಟಗೆ ಕೂರಿಸಿ. ಊಟ ಆದ ಮೇಲೂ ಅರ್ಧ ಗಂಟೆ ಕೂರಿಸಿ.

ಎರಡನೆಯದು ನಮ್ಮ ಕಡೆಯ ಅಭ್ಯಾಸ, ಎತ್ತಿ ಕುಡಿಯುವುದು. ಲೋಟಕ್ಕೆ ತುಟಿ ತಾಗಿಸಿದರೆ ಎಂಜಲು ಅಂತ ತಲೆ ಹಿಂದಕ್ಕೆ ಬಾಗಿಸಿ ಮೇಲಿಂದ ಬಿಡುತ್ತೇವೆ. ಆರೋಗ್ಯವಂತರಿಗೆ ತೊಂದರೆ ಇಲ್ಲ. ನುಂಗುವ ತೊಂದರೆ ಇರುವವರಿಗೆ ತಲೆ ಹಿಂದೆ ಬಾಗಿದರೆ ಗಾಳಿಯ ದಾರಿ ತೆರೆದುಕೊಳ್ಳುತ್ತದೆ. ಅದೇ ಹೊತ್ತಿಗೆ ನೀರು ಧಾರೆಯಾಗಿ ಬರುತ್ತದೆ. ಅವರಿಗೇ ಒಂದು ಲೋಟ ಬೇರೆ ಇಡಿ, ತುಟಿ ತಾಗಿಸಿ ಕುಡಿಯಲಿ. ಮಡಿಯ ಅಜ್ಜಿಯರಿಗೆ ಇದು ಒಪ್ಪಿಗೆ ಆಗುವುದಿಲ್ಲ. ಅವರಿಗೆ ಚಮಚದಲ್ಲಿ ಕೊಡಿ. ಜಗಳ ಬೇಡ.

ಎತ್ತರದಲ್ಲಿ ನಿಂತು ತಿನ್ನಿಸಬೇಡಿ, ಅವರ ಕಣ್ಣು ಮೇಲಕ್ಕೆ, ಗದ್ದ ಮೇಲಕ್ಕೆ ಹೋಗುತ್ತದೆ. ಕುರ್ಚಿ ಎಳೆದುಕೊಂಡು ಎದುರು ಕೂರಿ. ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಟಿವಿ ಆರಿಸಿ. ತೂಕಡಿಸುತ್ತಿದ್ದರೆ ತಿನ್ನಿಸಬೇಡಿ. ಮಾತ್ರೆಯನ್ನು ಪುಡಿ ಮಾಡುವ ಮೊದಲು ಡಾಕ್ಟರ್ ಅಥವಾ ಮೆಡಿಕಲ್ ಅಂಗಡಿಯ ಫಾರ್ಮಸಿಸ್ಟ್‌ರನ್ನು ಕೇಳಿ. ನಿಧಾನವಾಗಿ ಕರಗುವ ಹಾಗೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡಬಾರದು.

ಗದ್ದವನ್ನು ಎದೆಗೆ ತಾಗಿಸಿ ನುಂಗಬೇಕು ಅಂತ ಯಾರೋ ವಿಡಿಯೋದಲ್ಲಿ ಹೇಳಿದ್ದನ್ನು ನೋಡಿ ಎಲ್ಲರಿಗೂ ಮಾಡಿಸಬೇಡಿ. ಕೆಲವರಿಗೆ ಅದರಿಂದ ಒಳ್ಳೆಯದಾಗುತ್ತದೆ, ಕೆಲವರಿಗೆ ಕೆಡುತ್ತದೆ.

ಬಾಯಿಯಿಂದ ಏನೂ ತಿನ್ನೋದಿಲ್ಲ. ಹಲ್ಲು ಯಾಕೆ ಉಜ್ಜಬೇಕು?

ತಿನ್ನದವರಿಗೇ ಇದು ಹೆಚ್ಚು ಬೇಕು. ಎಂಜಲು ಶ್ವಾಸಕೋಶಕ್ಕೆ ಇಳಿಯುವುದನ್ನು ಪೂರ್ತಿ ತಡೆಯಲು ಆಗುವುದಿಲ್ಲ. ಆ ಎಂಜಲಿನಲ್ಲಿ ಎಷ್ಟು ಕೀಟಾಣು ಇದೆ ಅನ್ನುವುದು ನಮ್ಮ ಕೈಯಲ್ಲಿದೆ. ಮೆತ್ತಗಿನ ಬ್ರಷ್, ಬೆಳಗ್ಗೆ ಮತ್ತು ರಾತ್ರಿ. ನಾಲಿಗೆ, ಅಂಗುಳ, ಕೆನ್ನೆಯ ಒಳಗೆ. ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದು ನೀರಲ್ಲಿ ಇಡಿ.

ಮೂಗಿನ ಟ್ಯೂಬ್ ಯಾವಾಗ ತೆಗೀತಾರೆ?

ಇದನ್ನು ಒಬ್ಬರೇ ತೀರ್ಮಾನ ಮಾಡುವುದಿಲ್ಲ. ಎಚ್ಚರ ಚೆನ್ನಾಗಿದ್ದು, ಎಂಜಲನ್ನು ತಾವೇ ನುಂಗುತ್ತಿದ್ದು, ಕೆಮ್ಮಿಗೆ ಬಲ ಇದ್ದರೆ ನಾನು ಚಮಚದಿಂದ ಶುರು ಮಾಡುತ್ತೇನೆ. ಬಾಯಿಂದ ತಿನ್ನುವುದು ಸಾಕಷ್ಟು ಆದ ಮೇಲೆ ಡಾಕ್ಟರ್ ಟ್ಯೂಬ್ ತೆಗೆಯುತ್ತಾರೆ. ನಾಲ್ಕಾರು ವಾರ ಆದರೂ ಸಾಧ್ಯವಾಗದಿದ್ದರೆ ಹೊಟ್ಟೆಗೆ ನೇರವಾಗಿ ಹಾಕುವ ಪೆಗ್ ಟ್ಯೂಬ್ ಬಗ್ಗೆ ಡಾಕ್ಟರ್ ಮಾತಾಡುತ್ತಾರೆ. ಪೆಗ್ ಅಂದ ಕೂಡಲೇ ಮನೆಯವರು ಅಳುತ್ತಾರೆ, ಇನ್ನು ಮುಗಿಯಿತು ಅಂತ. ಪೆಗ್ ಹಾಕಿಸಿಕೊಂಡು, ಆಮೇಲೆ ತೆಗೆಸಿಕೊಂಡು, ಕೈಯಾರೆ ಊಟ ಮಾಡಿದವರೂ ಇದ್ದಾರೆ. ಟ್ಯೂಬ್ ಇರುವಾಗಲೂ ನುಂಗುವ ವ್ಯಾಯಾಮ ನಿಲ್ಲಿಸಬಾರದು.

ಅಪ್ಪ ಮಾತಾಡೋದೇ ಇಲ್ಲ. ಬುದ್ಧಿ ಹೋಗಿದೆಯಾ?

ಈ ಪ್ರಶ್ನೆಯನ್ನು ಬಹಳ ಜನ ಅಪ್ಪನ ಎದುರಿಗೇ ಕೇಳುತ್ತಾರೆ. ದಯವಿಟ್ಟು ಹೊರಗೆ ಬಂದು ಕೇಳಿ. ಅವರಿಗೆ ಕೇಳಿಸುತ್ತಿದೆ, ಬಹಳಷ್ಟು ಅರ್ಥವೂ ಆಗುತ್ತಿರಬಹುದು.

ಹೆಚ್ಚಿನವರಲ್ಲಿ ಭಾಷೆಯ ಕೆಲಸ ಮಿದುಳಿನ ಎಡಭಾಗದಲ್ಲಿ ನಡೆಯುತ್ತದೆ. ಅದೇ ಎಡಭಾಗ ಬಲಗೈ, ಬಲಗಾಲನ್ನು ಆಡಿಸುತ್ತದೆ. ಅದಕ್ಕೇ ಬಲಭಾಗ ಬಿದ್ದವರಲ್ಲಿ ಮಾತು ಹೋಗುವುದು ಜಾಸ್ತಿ. ಇದಕ್ಕೆ ಅಫೇಸಿಯಾ ಅನ್ನುತ್ತೇವೆ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ನೋಡಿದರು. ಆತ "ಟ್ಯಾನ್" ಅನ್ನುವ ಒಂದೇ ಶಬ್ದ ಹೇಳುತ್ತಿದ್ದ, ಆದರೆ ಬೇರೆಯವರ ಮಾತು ಅರ್ಥವಾಗುತ್ತಿತ್ತು. ನಮ್ಮ ಕೇಂದ್ರದಲ್ಲಿ ಒಬ್ಬ ತಾತ "ಅದೇ ಅದೇ" ಅನ್ನುತ್ತಿದ್ದರು. ಕಾಫಿಗೂ ಅದೇ, ಕಂಬಳಿಗೂ ಅದೇ, ಮೊಮ್ಮಗಳು ಬಂದಾಗಲೂ ಅದೇ. ದನಿಯ ಏರಿಳಿತ ಮಾತ್ರ ಪ್ರತಿ ಸಲ ಬೇರೆ. ಆ ಏರಿಳಿತ ಕೇಳಿಸಿಕೊಂಡರೆ ಅರ್ಧ ಮಾತು ತಿಳಿಯುತ್ತಿತ್ತು.

ಇನ್ನು ಕೆಲವರು ಸರಾಗವಾಗಿ ಮಾತಾಡುತ್ತಾರೆ, ಆದರೆ ಪದಗಳು ಸೇರುವುದಿಲ್ಲ. ನಾವು ಹೇಳಿದ್ದು ಅವರಿಗೆ ಹಿಡಿಯುವುದಿಲ್ಲ. ಇವರನ್ನು ಹುಚ್ಚು ಅಂತ ತಿಳಿದುಬಿಡುತ್ತಾರೆ. ಹುಚ್ಚಲ್ಲ. ಇದೂ ಅಫೇಸಿಯಾ. ನಾಲಿಗೆ ಬಲಹೀನವಾಗಿ ತೊದಲುವುದು ಮತ್ತೆ ಬೇರೆ. ಅಲ್ಲಿ ಭಾಷೆ ಸರಿ ಇರುತ್ತದೆ, ಉಚ್ಚಾರ ಕೆಟ್ಟಿರುತ್ತದೆ. ಯಾವುದು ಅಂತ ತಿಳಿಯದೆ ಥೆರಪಿ ಶುರು ಮಾಡಲು ಬರುವುದಿಲ್ಲ. ಇದಕ್ಕೆ ಕನ್ನಡದಲ್ಲೇ ಪರೀಕ್ಷೆಗಳಿವೆ.

ಒಂದು ಪದವೂ ಬಾರದವರು ಕೆಲವೊಮ್ಮೆ ಮಗ್ಗಿ ಹೇಳುತ್ತಾರೆ. ವಾರಗಳ ಹೆಸರು ಹೇಳುತ್ತಾರೆ. ಭಜನೆಗೆ ದನಿ ಕೂಡಿಸುತ್ತಾರೆ. ಬಾಯಿಪಾಠ ಆಗಿರುವುದು ಬೇರೆ ದಾರಿಯಲ್ಲಿ ಬರುತ್ತದೆ. ಬೈಗುಳವೂ ಹಾಗೇ. ಜೀವನದಲ್ಲಿ ಕೆಟ್ಟ ಮಾತಾಡದ ಮೇಷ್ಟ್ರೊಬ್ಬರ ಬಾಯಿಂದ ಬೈಗುಳ ಬಂದಾಗ ಅವರ ಹೆಂಡತಿ ನಾಚಿಕೆಯಿಂದ ಕುಗ್ಗಿಹೋದರು. ಅವರು ಬೇಕೆಂದು ಬೈಯುತ್ತಿಲ್ಲಮ್ಮ, ಸಿಕ್ಕ ಪದ ಬರುತ್ತಿದೆ ಅಂತ ಹೇಳಿದೆ.

ಮನೆಯವರು ಮಾಡಬೇಕಾದ್ದು ಇಷ್ಟು. ಒಂದು ಸಲಕ್ಕೆ ಒಂದೇ ವಿಷಯ. ಹೌದು ಅಥವಾ ಇಲ್ಲ ಅಂತ ತಲೆಯಾಡಿಸಬಹುದಾದ ಪ್ರಶ್ನೆ. ಕೇಳಿದ ಮೇಲೆ ಕಾಯಿರಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಅವರ ಪರವಾಗಿ ನೀವೇ ಉತ್ತರ ಹೇಳಬೇಡಿ. ಫೋನಿನಲ್ಲಿ ಫೋಟೋ ತೆಗೆದು ಪ್ರಿಂಟ್ ಹಾಕಿಸಿ ಒಂದು ಹಾಳೆ ಮಾಡಿ: ಅವರದೇ ಕಾಫಿ ಲೋಟ, ಅವರದೇ ಕಂಬಳಿ, ಫ್ಯಾನು, ಬಾತ್‌ರೂಮ್, ಮಕ್ಕಳು, ಮೊಮ್ಮಕ್ಕಳು, ನೋವು ತೋರಿಸಲು ಒಂದು ಮೈಚಿತ್ರ. ಇಂಟರ್ನೆಟ್‌ನಲ್ಲಿ ಸಿಗುವ ಚಿತ್ರಗಳಿಗಿಂತ ಇವು ಎಷ್ಟೋ ಮೇಲು.

ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಥೆರಪಿ ಯಾವುದರಲ್ಲಿ?

ಪಾವಗಡ, ಮಧುಗಿರಿ ಕಡೆಯವರು ಇದನ್ನು ಕೇಳುತ್ತಾರೆ. ಉರ್ದು ಮಾತಾಡುವ ಮನೆಯವರೂ ಕೇಳುತ್ತಾರೆ. ಅವರು ಯಾವ ಭಾಷೆಯಲ್ಲಿ ಹೆಂಡತಿ ಮಕ್ಕಳ ಜೊತೆ ಮಾತಾಡುತ್ತಿದ್ದರೋ ಅದರಿಂದಲೇ ಶುರು ಮಾಡುವುದು ನನಗೆ ಸರಿ ಅನಿಸುತ್ತದೆ. ಎರಡು ಭಾಷೆಗಳೂ ಒಂದೇ ವೇಗದಲ್ಲಿ ವಾಪಸ್ ಬರಬೇಕು ಅಂತೇನಿಲ್ಲ. ನನ್ನ ತೆಲುಗು ಅಷ್ಟಕ್ಕಷ್ಟೇ. ಹಾಗಾಗಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.

ಬಜೆ ತೇದು ನಾಲಿಗೆಗೆ ಹಚ್ಚಿದರೆ ಮಾತು ಬರುತ್ತಂತೆ?

ಲಕ್ವದಲ್ಲಿ ಮಾತು ಹೋಗುವುದು ಮಿದುಳಿಗೆ ರಕ್ತ ನಿಂತಿದ್ದರಿಂದ, ಇಲ್ಲವೇ ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದರಿಂದ. ನಾಲಿಗೆಗೆ ಹಚ್ಚಿದ್ದು ಅಲ್ಲಿಗೆ ಮುಟ್ಟುವುದಿಲ್ಲ. ನುಂಗಲು ಆಗದವರ ಬಾಯಿಗೆ ಏನನ್ನೇ ತೇದು ಹಾಕಿದರೂ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ನಾಟಿ ಔಷಧಿ ಹುಡುಕಿಕೊಂಡು ಊರೂರು ಅಲೆದು ಮೊದಲ ದಿನಗಳನ್ನು ಕಳೆದುಕೊಂಡವರನ್ನು ನೋಡಿದಾಗ ಸಂಕಟ ಆಗುತ್ತದೆ. ಬಾಯಿ ಸೊಟ್ಟ ಆಯಿತು, ಕೈ ಬಿತ್ತು, ಮಾತು ತೊದಲಿತು ಅಂದ ಕೂಡಲೇ 108. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು.

ಪಾರ್ಕಿನ್ಸನ್ ಇದೆ. ದನಿ ಕೇಳೋದೇ ಇಲ್ಲ.

ಅವರಿಗೆ ತಮ್ಮ ದನಿ ಸರಿಯಾಗೇ ಇದೆ ಅನಿಸುತ್ತದೆ. "ನಿಮಗೇ ಕಿವಿ ಕೇಳಲ್ಲ" ಅಂತ ಹೆಂಡತಿಗೆ ಹೇಳುತ್ತಾರೆ. ಜೋರಾಗಿ ಮಾತಾಡುವುದನ್ನು ಮತ್ತೆ ಕಲಿಸುವ ಥೆರಪಿ ಇದೆ. ವಾರಕ್ಕೆ ನಾಲ್ಕು ದಿನ, ನಾಲ್ಕು ವಾರ, ದಿನಾ ಮನೆಯಲ್ಲಿ ಅಭ್ಯಾಸ. ಊಟವನ್ನು ಮಾತ್ರೆಯ ಬಲ ಇರುವ ಹೊತ್ತಿಗೆ ಇಟ್ಟುಕೊಳ್ಳಿ. ಆ ಹೊತ್ತು ಯಾವುದು ಅಂತ ಡಾಕ್ಟರ್ ಜೊತೆ ಮಾತಾಡಿ.

ಮರೆವಿನ ಕಾಯಿಲೆಗೆ ನೀವೇನು ಮಾಡ್ತೀರಿ? ಅದು ವಾಸಿ ಆಗಲ್ವಲ್ಲ.

ವಾಸಿ ಮಾಡುವುದಿಲ್ಲ. ಉಳಿದಿರುವುದನ್ನು ಬಳಸುವ ದಾರಿ ಹುಡುಕುತ್ತೇನೆ. ತಿಪಟೂರು ಕಡೆಯ ಒಬ್ಬ ಅಜ್ಜಿ ಮಗನ ಹೆಸರು ಮರೆತಿದ್ದರು. ಕೈಗೆ ಒಂದು ತೆಂಗಿನಕಾಯಿ ಕೊಟ್ಟರೆ ಅಲ್ಲಾಡಿಸಿ, ಕಿವಿಗೆ ಹಿಡಿದು, ಇದು ಕೊಬ್ಬರಿಗೆ ಬಿಡಬೇಕು ಅಂತ ಹತ್ತು ನಿಮಿಷ ಮಾತಾಡುತ್ತಿದ್ದರು. ಫೋಟೋ ಅಂಟಿಸಿ ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು ಬರೆದ ಪುಸ್ತಕ, ಬಾಗಿಲಿಗೆ ಚಿತ್ರ, ದಿನಾ ಒಂದೇ ಹೊತ್ತಿಗೆ ಒಂದೇ ಕೆಲಸ. "ನಾನ್ಯಾರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. "ಅಮ್ಮಾ, ನಾನು ನಿಮ್ಮ ಮಗ" ಅಂತ ನೀವೇ ಹೇಳಿ ಕೂರಿ. ಊಟ ಮರೆಯುತ್ತಾರೆ, ಬಾಯಲ್ಲಿ ಇಟ್ಟುಕೊಂಡು ನುಂಗಲು ಮರೆಯುತ್ತಾರೆ. ಆಗ ಖಾಲಿ ಚಮಚವನ್ನು ತುಟಿಗೆ ತಾಗಿಸಿದರೆ ಕೆಲವರಿಗೆ ನೆನಪಾಗುತ್ತದೆ.

ಗಂಟಲಲ್ಲಿ ಟ್ಯೂಬ್ ಇದ್ದರೆ ಮಾತಾಡೋಕೆ ಆಗುತ್ತಾ?

ಗಾಳಿ ಸ್ವರಪೆಟ್ಟಿಗೆಗೆ ಹೋಗದೆ ಕೆಳಗೇ ಹೊರಬರುವುದರಿಂದ ದನಿ ಬರುವುದಿಲ್ಲ. ತಡೆದುಕೊಳ್ಳಬಲ್ಲವರಿಗೆ ಟ್ಯೂಬಿನ ಬಾಯಿಗೆ ಮಾತಿನ ಕವಾಟ (ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ಮುಚ್ಚಳ) ಹಾಕಿ ದನಿ ತರಿಸಬಹುದು. ಇದನ್ನು ಡಾಕ್ಟರ್, ನರ್ಸ್ ಜೊತೆ ಸೇರಿಯೇ ಮಾಡಬೇಕು. ಟ್ಯೂಬಿನ ಬಲೂನು ಉಬ್ಬಿರುವಾಗ ಕವಾಟ ಹಾಕಿದರೆ ಉಸಿರು ಹೊರಗೆ ಬರಲು ದಾರಿಯೇ ಇರುವುದಿಲ್ಲ. ಮನೆಯವರು ಯಾವ ಕಾರಣಕ್ಕೂ ತಾವೇ ಹಾಕಬಾರದು.

ಎಷ್ಟು ದಿನಕ್ಕೆ ಸರಿ ಹೋಗ್ತಾರೆ?

ತಾರೀಖು ಹೇಳಲು ಆಗುವುದಿಲ್ಲ. ಲಕ್ವ ಆದ ಮೊದಲ ಮೂರು ನಾಲ್ಕು ತಿಂಗಳಲ್ಲಿ ಚೇತರಿಕೆ ಜೋರಾಗಿರುತ್ತದೆ. ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ವರ್ಷ ಕಳೆದ ಮೇಲೂ ಹೊಸ ಪದಗಳು ಬಂದವರಿದ್ದಾರೆ. ವಾರಕ್ಕೊಮ್ಮೆ ನಾನು ಬಂದು ಹೋಗುವುದರಿಂದ ಮಾತ್ರ ಏನೂ ಆಗದು. ದಿನಾ ಜೊತೆಗಿರುವ ಆಯಾ, ಮಗಳು, ಸೊಸೆ ಮಾಡುವ ಹತ್ತು ಹತ್ತು ನಿಮಿಷದ ಅಭ್ಯಾಸವೇ ಥೆರಪಿಯ ದೊಡ್ಡ ಪಾಲು.

ಥೆರಪಿಸ್ಟ್ ನಿಜವಾಗಿ ಓದಿದವರಾ ಅಂತ ತಿಳಿಯೋದು ಹೇಗೆ?

ಕಿವಿ ಮತ್ತು ಮಾತಿನ ತೊಂದರೆಗಳ ಬಗ್ಗೆ ಕಲಿಸುವ ನಾಲ್ಕು ವರ್ಷದ ಬಿಎಎಸ್‌ಎಲ್‌ಪಿ ಪದವಿ ಇದೆ, ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಮೇಲೆ ಎರಡು ವರ್ಷದ ಸ್ನಾತಕೋತ್ತರ. 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರಬೇಕು. ಆ ನಂಬರ್ ಕೇಳಿ. ಕೇಳಿದರೆ ಬೇಜಾರಾಗಬಾರದು, ನನಗಂತೂ ಆಗುವುದಿಲ್ಲ. ನಮ್ಮ ರಾಜ್ಯದ ಭಾಗ್ಯ ಅಂದರೆ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ವಿಭಾಗ ಇದೆ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಮೊದಲ ಪರೀಕ್ಷೆ ಎದುರಾಬದುರು ಮಾಡಿಸಿ, ಆಮೇಲೆ ಮಾತಿನ ಅಭ್ಯಾಸವನ್ನು ವಿಡಿಯೋ ಕಾಲ್‌ನಲ್ಲಿ ಮುಂದುವರಿಸಬಹುದು. ನುಂಗುವ ವಿಷಯ ಮಾತ್ರ ಎದುರೇ ನೋಡಬೇಕು.

ಕೇಂದ್ರಕ್ಕೆ ಸೇರಿಸುವ ಮೊದಲು ಏನು ಕೇಳಬೇಕು?

ಎಸಿ ಇದೆಯಾ, ಟಿವಿ ಇದೆಯಾ ಅಂತ ಆಮೇಲೆ ಕೇಳಿ. ಊಟದ ಹೊತ್ತಿಗೆ ಹೋಗಿ. ಆಯಾ ಕೂತು ತಿನ್ನಿಸುತ್ತಿದ್ದಾರಾ, ನಿಂತಾ? ಒಬ್ಬರು ಎಷ್ಟು ಜನಕ್ಕೆ ತಿನ್ನಿಸುತ್ತಾರೆ? ಬಾಯಿ ಯಾವಾಗ ತೊಳೆಸುತ್ತಾರೆ? ಯಾರಿಗೆ ಯಾವ ಹದದ ಊಟ ಅಂತ ಮಂಚದ ಹತ್ತಿರ ಬರೆದಿದ್ದಾರಾ? ಸ್ಪೀಚ್ ಥೆರಪಿಸ್ಟ್ ಯಾವ ದಿನ ಬರುತ್ತಾರೆ? ಕನ್ನಡಕ, ಹಲ್ಲಿನ ಸೆಟ್ಟು, ಕಿವಿ ಮಿಷನ್ ಮೂರನ್ನೂ ಹೆಸರು ಬರೆದು ಕೊಡಿ.

ಮಾತು ಹೋಗಿದ್ದಕ್ಕೆ ಅಂಗವಿಕಲತೆಯ ಸರ್ಟಿಫಿಕೇಟ್ ಸಿಗುತ್ತಾ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಮಾತು ಮತ್ತು ಭಾಷೆಯ ವೈಕಲ್ಯವೂ ಒಂದು. ಲಕ್ವದಿಂದ ಶಾಶ್ವತವಾಗಿ ಉಳಿದ ಅಫೇಸಿಯಾ ಅದರಲ್ಲಿ ಬರುತ್ತದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ಇನ್ನು ಹೆಚ್ಚು ದಿನ ಇಲ್ಲ ಅಂದಿದ್ದಾರೆ. ಅಮ್ಮ ಕಾಫಿ ಕೇಳ್ತಿದ್ದಾರೆ. ಕೊಡಬಹುದಾ?

ಹೌದು ಅನ್ನುವ ಕಡೆಗೇ ನನ್ನ ಮನಸ್ಸು. ಆ ಹೊತ್ತಿನಲ್ಲಿ ನಮ್ಮ ಲೆಕ್ಕ ಬದಲಾಗುತ್ತದೆ. ಅಪಾಯ ಏನು ಅಂತ ನಿಮಗೆ ಬಿಡಿಸಿ ಹೇಳುತ್ತೇನೆ, ಡಾಕ್ಟರ್ ಜೊತೆಯೂ ಮಾತಾಡೋಣ, ಅಮ್ಮನಿಗೆ ಏನು ಬೇಕು ಅಂತ ಅವರನ್ನೇ ಕೇಳೋಣ. ಎಲ್ಲರೂ ಒಪ್ಪಿದರೆ ಎಚ್ಚರವಾಗಿರುವಾಗ ಕೂರಿಸಿ, ಬಾಯಿ ಒರೆಸಿ, ಚಮಚದ ತುದಿಯಲ್ಲಿ ಸ್ವಲ್ಪ. ನುಂಗಲು ಆಗದಿದ್ದರೆ ಹತ್ತಿಯನ್ನು ಕಾಫಿಯಲ್ಲಿ ಅದ್ದಿ ಹಿಂಡಿ, ತುಟಿಗೆ ಮತ್ತು ನಾಲಿಗೆಗೆ ಸವರಬಹುದು. ಹೋದ ವರ್ಷ ಒಬ್ಬ ಅಜ್ಜಿಗೆ ಹೀಗೇ ಮಾಡಿದೆವು. ಮಗ ಮನೆಯಿಂದ ಫಿಲ್ಟರ್ ಕಾಫಿಯನ್ನು ಫ್ಲಾಸ್ಕಿನಲ್ಲಿ ತಂದಿದ್ದರು. ಅಜ್ಜಿ ಕಣ್ಣು ಮುಚ್ಚಿ ತುಟಿ ಚಪ್ಪರಿಸಿದರು. ಆಮೇಲೆ ಎರಡು ವಾರದಲ್ಲಿ ಮೊದಲ ಬಾರಿಗೆ ಒಂದು ಪದ ಹೇಳಿದರು: "ಸಕ್ಕರೆ ಕಮ್ಮಿ."